ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್: ದೊತೊರ್ನ್, ಸಂಡೇ ಸ್ಕೂಲ್ ಸ್ವಯಂಸೇವಕರಿಗೆ ಇದು ಸಾಕೇ?

ದೊತೊರ್ನ್ (ಮಕ್ಕಳ ಕ್ರೈಸ್ತ ಧರ್ಮಶಿಕ್ಷಣ) ಕಲಿಸಲು, ಸಂಡೇ ಸ್ಕೂಲ್ ನಡೆಸಲು, ಪೂಜೆಯಲ್ಲಿ ನೆರವಾಗುವ ಆಲ್ತಾರ್ ಮಕ್ಕಳನ್ನು ಪಿಕ್ನಿಕ್‌ಗೆ ಕರೆದೊಯ್ಯಲು ಮುಂದೆ ಬರುವವರ ಹಿನ್ನೆಲೆ ನೋಡಬೇಕೆಂದರೆ ನಮ್ಮ ಇಗರ್ಜಿಗಳ (ಚರ್ಚುಗಳ) ಕೈಗೆಟಕುವ ಸರಕಾರಿ ಸೇವೆ, ರಾಜ್ಯದ ಆನ್‌ಲೈನ್ ಸೇವಾ ತಾಣ ಸೇವಾ ಸಿಂಧು ಮೂಲಕ ಕರ್ನಾಟಕ ಪೊಲೀಸರು ಕೊಡುವ ವೆರಿಫಿಕೇಶನ್ ಸರ್ಟಿಫಿಕೇಟ್. ಮಕ್ಕಳ ಸುರಕ್ಷತೆಯ ಲೆಕ್ಕದಲ್ಲಿ ಅದು ಎಷ್ಟು ತೂಗುತ್ತದೆ ಎಂಬುದಷ್ಟೇ ಇಲ್ಲಿಯ ವಿಮರ್ಶೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ತೆಗೆದುಕೊಳ್ಳಲೇಬೇಕು. ಆದರೆ ಅದನ್ನು ಫೈಲಿಗೆ ಸೇರಿಸಿ ಕೆಲಸ ಮುಗಿಯಿತು ಅಂದುಕೊಳ್ಳುವ ಧರ್ಮಕೇಂದ್ರದಲ್ಲಿ (ಒಂದು ಇಗರ್ಜಿಯ ವ್ಯಾಪ್ತಿಯ ಸಮುದಾಯದಲ್ಲಿ) ಮಕ್ಕಳು ಮೊದಲಿನಷ್ಟೇ ಅಪಾಯದಲ್ಲಿರುತ್ತಾರೆ, ದೊಡ್ಡವರು ಮಾತ್ರ ನಿಶ್ಚಿಂತೆಯಿಂದಿರುತ್ತಾರೆ.

ಕೇಳಲು ಸಂಕೋಚ ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ 2012ರದ್ದು. ಅದರ 2020ರ ನಿಯಮಗಳು ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕೆಂದು ಹೇಳುತ್ತವೆ. ನಿಯಮದಲ್ಲಿ ಸ್ವಯಂಸೇವಕ ಎಂಬ ಪದ ಎದ್ದು ಕಾಣುವುದಿಲ್ಲ, ಅಲ್ಲಿರುವುದು ಸಿಬ್ಬಂದಿ, ನೌಕರ ಎಂಬ ಮಾತು. ‘ನಮ್ಮವರಿಗೆ ಸಂಬಳ ಇಲ್ಲವಲ್ಲ’ ಎಂದು ಕೆಲವರು ಜಾರಿಕೊಳ್ಳುವುದು ಇಲ್ಲೇ. ಸಂಬಳ ಇದ್ದರೂ ಇಲ್ಲದಿದ್ದರೂ ಮಗುವಿನ ಮುಂದೆ ನಿಲ್ಲುವ ದೊಡ್ಡವನು ದೊಡ್ಡವನೇ.

ಅರ್ಜಿ ಹಾಕುವುದು ಕಷ್ಟವೇನಲ್ಲ. ಮೊಬೈಲ್ ನಂಬರಿನಿಂದ ಲಾಗಿನ್ ಆಗಿ, ಫೋಟೊ, ಗುರುತಿನ ಮತ್ತು ವಿಳಾಸದ ದಾಖಲೆ ಸೇರಿಸಿ, ಆನ್‌ಲೈನಿನಲ್ಲೇ ಶುಲ್ಕ ಕಟ್ಟಿದರಾಯಿತು. ಕಂಪ್ಯೂಟರ್ ಗೊತ್ತಿಲ್ಲದವರು ಹಳ್ಳಿಯಲ್ಲಾದರೆ ಗ್ರಾಮ ಒನ್‌ಗೆ, ಪೇಟೆಯಲ್ಲಾದರೆ ಕರ್ನಾಟಕ ಒನ್‌ಗೆ ಹೋಗಬಹುದು. ಎಡವುವುದು ವಿಳಾಸದಲ್ಲಿ. ಸುರತ್ಕಲ್, ಉಳ್ಳಾಲ, ಬಜಪೆ, ಮೂಡುಬಿದಿರೆ, ಮೂಲ್ಕಿಯವರು ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುತ್ತಾರೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯವರು ದಕ್ಷಿಣ ಕನ್ನಡ ಎಸ್‌ಪಿ ವ್ಯಾಪ್ತಿಗೆ. ಕಾಪು, ಶಿರ್ವ, ಕುಂದಾಪುರದವರು ಉಡುಪಿ ಎಸ್‌ಪಿ ವ್ಯಾಪ್ತಿಗೆ. ಆಧಾರ್‌ನಲ್ಲಿ ತಾಯಿಮನೆಯ ವಿಳಾಸ, ವಾಸ ಗಂಡನ ಮನೆಯಲ್ಲಿ. ಅಥವಾ ಆಧಾರ್ ಕುಂದಾಪುರದ್ದು, ಬಾಡಿಗೆ ಮನೆ ಕಂಕನಾಡಿಯಲ್ಲಿ. ಇಂತಹವರು ಈಗಿನ ವಿಳಾಸದ ದಾಖಲೆ ಮೊದಲೇ ಸರಿಮಾಡಿಕೊಳ್ಳದಿದ್ದರೆ ಅರ್ಜಿ ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಯುತ್ತದೆ.

ಹೆಸರು ಇನ್ನೊಂದು ತಲೆನೋವು. ಡಿಸೋಜ ಎಂಬ ಒಂದೇ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಬ್ಯಾಪ್ಟಿಸಮ್ ದಾಖಲೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು. ಆದ್ದರಿಂದ ಸ್ವಯಂಸೇವಕರಿಗೆ ನೀವು ಕೊಡುವ ಇಗರ್ಜಿಯ ಅರ್ಜಿ ಫಾರ್ಮಿನಲ್ಲಿ ಹಿಂದೆ ಬಳಸಿದ ಎಲ್ಲ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಕಳೆದ 10 ವರ್ಷದ ವಿಳಾಸಗಳು, ಈ ನಾಲ್ಕನ್ನೂ ಬರೆಸಿ. ಪೊಲೀಸ್ ಪತ್ರದ ಫೋಟೊವನ್ನು ವಾಟ್ಸಾಪಿನಲ್ಲಿ ಸ್ವೀಕರಿಸಬೇಡಿ. ಪಿಡಿಎಫ್ ತಿದ್ದುವುದು ಈಗ ಮಕ್ಕಳಾಟ. ಅರ್ಜಿದಾರರು ನಿಮ್ಮೆದುರೇ ಲಾಗಿನ್ ಆಗಿ ತೆರೆದು ತೋರಿಸಲಿ. ಪತ್ರದ ಸಂಖ್ಯೆ, ತಾರೀಕು, ನೋಡಿದವರ ಸಹಿ ರಿಜಿಸ್ಟರಿಗೆ ಹೋಗಲಿ. ಆಧಾರ್ ಪ್ರತಿ ಬೇಕೇ ಬೇಕೆಂದಾದರೆ ಅಂಕೆ ಮುಚ್ಚಿದ ಮಾಸ್ಕ್ಡ್ ಆಧಾರ್ ಸಾಕು. ರಿಜಿಸ್ಟರ್ ಬೀಗವಿರುವ ಕಪಾಟಿನಲ್ಲಿರಬೇಕು, ಸಾಕ್ರಿಸ್ತಿಯ (ಪೂಜೆಯ ಸಿದ್ಧತೆಯ ಕೋಣೆಯ) ಮೇಜಿನ ಮೇಲಲ್ಲ.

ಈಗ ಪತ್ರದ ಮಿತಿ. ಅದು ಹೇಳುವುದು ಪೊಲೀಸ್ ದಾಖಲೆಗೆ ಬಂದದ್ದನ್ನು ಮಾತ್ರ, ಅದೂ ಆ ದಿನದ ಮಟ್ಟಿಗೆ. ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ದೂರಿನ ತನಕ ಬಾರದವು ಎಷ್ಟೋ. ಮನೆಯವರು ಮಾನಕ್ಕಂಜಿ ಸುಮ್ಮನಾದದ್ದು, ಊರ ಹಿರಿಯರು ಕೂತು ರಾಜಿ ಮಾಡಿಸಿದ್ದು, ‘ಇನ್ನು ಈ ಕಡೆ ಬರಬೇಡ’ ಎಂದು ಹೇಳಿ ಕಳಿಸಿದ್ದು, ಇವುಗಳಿಗೆಲ್ಲ ಎಫ್‌ಐಆರ್ ಇರುವುದಿಲ್ಲ. ಕೊಲ್ಲಿಯ ವರ್ಷಗಳು ನಮ್ಮ ಕಡೆಯ ದೊಡ್ಡ ಖಾಲಿ ಜಾಗ. ಕುವೈತ್, ಮಸ್ಕತ್, ದುಬೈಗಳಲ್ಲಿ 15 ವರ್ಷ ದುಡಿದು ಊರಿಗೆ ಬಂದವರ ಬಗ್ಗೆ ಇಲ್ಲಿಯ ಠಾಣೆಗೆ ಏನೂ ತಿಳಿದಿರುವುದಿಲ್ಲ. ಅವರಿಂದ ಆ ದೇಶದ ಸನ್ನಡತೆ ಪತ್ರ, ಅದು ಆಗದಿದ್ದರೆ ಕನಿಷ್ಠ ಅಲ್ಲಿಯ ಚರ್ಚಿನ ಗುರುಗಳ ಪತ್ರ ಕೇಳಿ, ಪತ್ರ ಬಂದ ಮೇಲೆ ನೀವೇ ಆ ಚರ್ಚಿನ ಕಚೇರಿಗೆ ಫೋನ್ ಮಾಡಿ. ಮುಂಬಯಿಯಿಂದ ಬಂದವರಿಗೂ ಇದೇ ಕ್ರಮ. 18, 19ರ ಯುವಕರ ಪತ್ರವಂತೂ ಹೆಚ್ಚುಕಡಿಮೆ ಖಾಲಿ ಹಾಳೆ. ಇನ್ನೂ ಪಿಯುಸಿ ಓದುತ್ತಿರುವ, 18 ತುಂಬದ ಸಹಾಯಕರು ಕಾನೂನಿನ ಪ್ರಕಾರ ತಾವೇ ಮಕ್ಕಳು. ಅವರನ್ನು ತರಗತಿಯಲ್ಲಿ ಒಬ್ಬರೇ ಬಿಡುವಂತಿಲ್ಲ.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ, ಆದರೆ ಅದನ್ನು ನೋಡುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಮಾತ್ರ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಸಂಕೀರ್ಣ, ವರ್ಷ ಆರಿಸಿ ಹೆಸರು ಹುಡುಕಬಹುದು, ಉಚಿತ. ಅಲ್ಲೂ ಅದೇ ಡಿಸೋಜ ಸಮಸ್ಯೆ: ಒಂದೇ ಹೆಸರಿನವರು ಸಾಲುಸಾಲಾಗಿ ಬರುತ್ತಾರೆ. ಹೆಸರು ಸಿಕ್ಕಿತೆಂದು ಯಾರನ್ನೂ ಅಪರಾಧಿ ಅನ್ನಬೇಡಿ, ಸಿಗಲಿಲ್ಲವೆಂದು ನಿರಾಳವೂ ಆಗಬೇಡಿ.

ಹಾಗಾದರೆ ಭಾರ ಹೊರುವುದು ಯಾವುದು? ನಮ್ಮ ದೃಷ್ಟಿಯಲ್ಲಿ ಎರಡು ಫೋನ್ ಕರೆಗಳು. ಪೊಲೀಸ್ ಪತ್ರಕ್ಕಿಂತ ಇದಕ್ಕೆ ಹೆಚ್ಚು ಅಂಕ. ಕರೆ ಹೋಗಬೇಕಾದದ್ದು ಅರ್ಜಿದಾರರ ಬಂಧುಗಳಲ್ಲದ ಇಬ್ಬರಿಗೆ. ಅವರಲ್ಲಿ ಒಬ್ಬರಾದರೂ ಇವರನ್ನು ಮಕ್ಕಳ ನಡುವೆ ಕೆಲಸ ಮಾಡುವಾಗ ನೋಡಿರಬೇಕು. ವಾಡೊದ (ಇಗರ್ಜಿಯ ವಾರ್ಡಿನ) ಮುಖಂಡರಾದ ಗುರ್ಕಾರರ ಶಿಫಾರಸು ಬೇರೆ ವಿಷಯ. ವಾಡೊದ ಪ್ರತಿಯೊಂದು ಮನೆ ಗುರ್ಕಾರರಿಗೆ ಗೊತ್ತು, ನಿಜ, ಆದರೆ ‘ಒಳ್ಳೆಯ ಮನೆಯವರು’ ಎಂಬುದು ಮನೆಯ ಬಗ್ಗೆ ಹೇಳುವ ಮಾತು, ವ್ಯಕ್ತಿಯ ಬಗ್ಗೆ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದು ಇದೇ: ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಮಗುವಿಗೆ ಪರಿಚಯದವನೇ.

ಕರೆ ಮಾಡಿದಾಗ ‘ಇವರು ಹೇಗೆ?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ‘ಇವರು ಮಕ್ಕಳೊಂದಿಗೆ ಏನು ಕೆಲಸ ಮಾಡಿದ್ದಾರೆ, ಎಷ್ಟು ಸಮಯ? ಯಾಕೆ ಬಿಟ್ಟರು? ಯಾವುದಾದರೂ ಮಗುವಿಗೆ ವಿಶೇಷವಾಗಿ ಉಡುಗೊರೆ ಕೊಡುವುದು, ಒಬ್ಬರನ್ನೇ ಬೈಕಿನಲ್ಲಿ ಕರೆದೊಯ್ಯುವುದು ಇತ್ತೇ? ನಿಮ್ಮ ಮಗುವನ್ನು ಇವರ ಜೊತೆ ಒಂದು ದಿನದ ಪ್ರವಾಸಕ್ಕೆ ಕಳಿಸುತ್ತೀರಾ?’ ಹೀಗೆ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ತಡವಾದರೆ ಆ ತಡವನ್ನೂ ಬರೆದಿಡಿ. ಆಮೇಲೆ ಇಬ್ಬರು ಕೂತು ಅರ್ಧ ಗಂಟೆಯ ಸಂದರ್ಶನ ಮಾಡಲಿ, ಫಾದರ್ ಒಬ್ಬರೇ ಮಾಡುವುದು ಬೇಡ. ಹೊಸದಾಗಿ ಧರ್ಮಕೇಂದ್ರಕ್ಕೆ ಸೇರಿದವರಿಗೆ ಮಕ್ಕಳ ಜವಾಬ್ದಾರಿ ಕೊಡುವ ಮೊದಲು ಆರು ತಿಂಗಳು ಕಾಯಿರಿ. ಮಕ್ಕಳನ್ನು ಹುಡುಕಿಕೊಂಡು ಬರುವವನಿಗೆ ಆರು ತಿಂಗಳು ಬಹಳ ದೀರ್ಘ.

ಪಟ್ಟಿಯಿಂದ ಬಿಟ್ಟುಹೋಗುವವರು ಸಾಮಾನ್ಯವಾಗಿ ಇವರು: ಕೀಬೋರ್ಡ್ ಕಲಿಸುವವರು, ಬ್ಯಾಂಡ್ ತರಬೇತುದಾರರು, ವ್ಯಾನ್ ಚಾಲಕ, ಇಗರ್ಜಿಯ ಸಹಾಯಕ, ರಜಾ ಶಿಬಿರದ ಅಡುಗೆಯವರು, ಮೊಂತಿ ಫೆಸ್ತಿಗೆ (ಮರಿಯಮ್ಮನವರ ಜನ್ಮದಿನದ ಹಬ್ಬಕ್ಕೆ) ಮಕ್ಕಳಿಂದ ಹೂ ಹಾಕಿಸಲು ಅಭ್ಯಾಸ ಮಾಡಿಸುವವರು. ಎಲ್ಲರಿಗೂ ಒಂದೇ ಫಾರ್ಮ್, ಒಂದೇ ಕ್ರಮ. ಒಬ್ಬರಿಗೆ ವಿನಾಯಿತಿ ಕೊಟ್ಟ ದಿನ ಉಳಿದವರಿಗೆ ಅದು ಅವಮಾನವಾಗಿ ಕಾಣುತ್ತದೆ.

ಇಷ್ಟೆಲ್ಲ ದಾಟಿ ಬಂದವರಿಗೂ ಕೋಣೆಯ ನಿಯಮ ತಪ್ಪದು: ಬಂಧುಗಳಲ್ಲದ ಇಬ್ಬರು ದೊಡ್ಡವರು, ತೆರೆದ ಬಾಗಿಲು, ಮಗುವಿಗೆ ಖಾಸಗಿ ಮೆಸೇಜ್ ಇಲ್ಲ, ಮೆಸೇಜ್ ಗುಂಪಿನಲ್ಲಿ ಪೋಷಕರು ಇರಲೇಬೇಕು.

ದೂರು ಬಂದರೆ ‘ಮೊದಲು ನಾವೇ ವಿಚಾರಿಸೋಣ’ ಎಂದು ಇಗರ್ಜಿಯ ಪಾಲನಾ ಮಂಡಳಿ ಸಭೆ ಕರೆಯುವುದು ದೊಡ್ಡ ತಪ್ಪು. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಡಿ ಒಂದು ವರ್ಷದವರೆಗೆ ಜೈಲು, ದಂಡ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ, ಕೊಂಕಣಿಯಾದರೆ ಕೊಂಕಣಿಯಲ್ಲೇ ಬರೆದಿಡಿ.

ಸಮಯದ ಬಗ್ಗೆ ಒಂದು ಮಾತು. ಏಪ್ರಿಲ್ ರಜೆಯ ಶಿಬಿರಕ್ಕೆ ಫೆಬ್ರವರಿಯಲ್ಲೇ, ಜೂನ್ ತರಗತಿಗೆ ಏಪ್ರಿಲ್‌ನಲ್ಲೇ ಅರ್ಜಿ ಹಾಕಿಸಿ. ಪತ್ರವನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ತರಿಸಿ, ನಡುವಿನ ಪ್ರತಿ ವರ್ಷ ಸ್ವಯಂ ಘೋಷಣೆಗೆ ಸಹಿ ಹಾಕಿಸಿ. ಪತ್ರ ಕೈಗೆ ಬರುವ ತನಕ ಅವರು ಹೂವಿನ ಅಲಂಕಾರ ಮಾಡಲಿ, ಲೆಕ್ಕ ಬರೆಯಲಿ, ಶಾಮಿಯಾನ ಹಾಕಿಸಲಿ. ಮಕ್ಕಳ ಕೋಣೆಗೆ ಮಾತ್ರ ಬೇಡ.