ನವನಗರದ ಆಹಾರ ಸಲಹಾ ಕೇಂದ್ರ: ಮೋಟಾರ್ ನ್ಯೂರಾನ್ ಕಾಯಿಲೆ ಇರುವ ತಂದೆಯವರೊಂದಿಗೆ ಆರು ತಿಂಗಳು

ಬಾಗಲಕೋಟೆಯ ನವನಗರದಲ್ಲಿ ಆಹಾರತಜ್ಞೆಯೊಬ್ಬರು ನಡೆಸುತ್ತಿರುವ ಚಿಕ್ಕ ಸಲಹಾ ಕೇಂದ್ರಕ್ಕೆ ಆರು ತಿಂಗಳಿನಿಂದ ನಮ್ಮ ತಂದೆಯವರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಇಲ್ಲವೇ ಮೈ ಇಳಿಸಬೇಕೆನ್ನುವವರು. ನಾವು ಹೋದದ್ದು ಅದಕ್ಕೆ ತೀರ ವಿರುದ್ಧವಾದ ಕಾರಣಕ್ಕೆ. ಎ.ಎಲ್.ಎಸ್. ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯ ತಂದೆಯವರು ಎಂಟೇ ತಿಂಗಳಲ್ಲಿ 58 ಕಿಲೋದಿಂದ 49 ಕಿಲೋಗೆ ಇಳಿದಿದ್ದರು. ಇದೇ ಕಾಯಿಲೆ ಬಂದ ಮನೆಯವರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ತಂದೆಯವರು ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಖಣ ನೇಯ್ದವರು. ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಕುಳಿ ಬಿದ್ದದ್ದನ್ನು ಮೊದಲು ಗಮನಿಸಿದವರು ನಮ್ಮ ತಾಯಿ. ಕೆಲವು ವಾರಗಳಲ್ಲಿ ಹರಿದ ಎಳೆಗೆ ಗಂಟು ಹಾಕುವುದೂ ಆಗದೆ ಅವರು ಮಗ್ಗ ಬಿಟ್ಟು ಎದ್ದರು. ಮೆದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುವ ರೋಗವಿದು. ಸ್ನಾಯು ಕರಗಿದ ಮೇಲೆ ತೂಕ ಇಳಿಯಲೇಬೇಕಲ್ಲ ಎಂದು ನಾವು ಸುಮ್ಮನಿದ್ದೆವು. ಅದರ ಮೇಲೆ, ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಹೆಚ್ಚು ಬಂದಿದೆಯೆಂದು ಬೇರೊಂದು ಕಡೆಯ ವೈದ್ಯರು ತುಪ್ಪ, ಎಣ್ಣೆ, ಶೇಂಗಾ ಎಲ್ಲವನ್ನೂ ಬಿಡಿಸಿದ್ದರು. ನಾವೂ ನಿಷ್ಠೆಯಿಂದ ಬಿಡಿಸಿದೆವು. ಆ ಮೂರು ತಿಂಗಳಲ್ಲೇ ತೂಕ ಅತಿ ವೇಗವಾಗಿ ಇಳಿದದ್ದು ಎಂಬುದು ಇಂದಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ಈ ಕೇಂದ್ರದ ದೊಡ್ಡ ಗುಣವೆಂದರೆ ಮೊದಲ ಭೇಟಿಗೆ ಪೂರ್ತಿ ಒಂದು ಗಂಟೆ ಕೊಡುತ್ತಾರೆ. ಫೈಲು ತೆರೆಯುವ ಮೊದಲು ಆಕೆ ತಂದೆಯವರ ಎದುರು ಸ್ಟೂಲು ಎಳೆದುಕೊಂಡು ಕುಳಿತು, "ಕಾಕಾ, ಯಾವ ತುತ್ತಿಗೆ ಕೆಮ್ಮು ಬರ್ತದ?" ಎಂದು ಕೇಳಿದರು. ತಂದೆಯವರ ಮಾತು ಆಗಲೇ ತೊದಲುತ್ತಿತ್ತು; ಅವರು ಹೇಳಿ ಮುಗಿಸುವವರೆಗೂ ಕಾದರು, ನಡುವೆ ನಮ್ಮನ್ನು ಮಾತಾಡಗೊಡಲಿಲ್ಲ. ಆಮೇಲೆ ತಾಯಿಯವರಿಗೆ ವಿಷಯವನ್ನು ಒಲೆಯ ಲೆಕ್ಕದಲ್ಲಿ ತಿಳಿಸಿದರು. ಈ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನರ ದೇಹ ಸುಮ್ಮನೆ ಕುಳಿತಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಸುಡುತ್ತದೆ. ಸ್ನಾಯುಗಳು ಗ್ಲೂಕೋಸ್ ಬಳಸುವುದನ್ನು ಕಡಿಮೆ ಮಾಡಿ ಕೊಬ್ಬನ್ನೇ ಉರುವಲಾಗಿ ಎಳೆದುಕೊಳ್ಳತೊಡಗುವುದರಿಂದ ಮೈಯಲ್ಲಿ ಕೂಡಿಟ್ಟ ಕೊಬ್ಬು ಬೇಗ ಖಾಲಿಯಾಗುತ್ತದೆ. ಇತ್ತ ನುಂಗಲು ಕಷ್ಟವಾಗಿ ಊಟವೂ ಇಳಿಯುತ್ತದೆ. ಹೀಗೆ ಎರಡೂ ಕಡೆಯಿಂದ ತೂಕ ಕಳೆದುಕೊಳ್ಳುವವರಲ್ಲಿ ಆಯುಷ್ಯ ಕಡಿಮೆಯಾಗುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ.

ತಾಯಿಯವರು ಬಿಡಲಿಲ್ಲ. "ತುಪ್ಪ ಕೊಟ್ರ ಎದಿ ಬ್ಯಾನಿ ಆಗೂದಿಲ್ಲೇನವಾ?" ಎಂದು ಕೇಳಿದರು. ಅದಕ್ಕೆ ಸಿಕ್ಕ ಉತ್ತರ ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಆಕೆ ಯಾವುದನ್ನೂ ಬಣ್ಣ ಹಚ್ಚಿ ಹೇಳಲಿಲ್ಲ. ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಿದ್ದ ರೋಗಿಗಳು ಸುಮಾರು ಒಂದು ವರ್ಷ ಹೆಚ್ಚು ಬದುಕಿದ್ದನ್ನು 2008ರ ಫ್ರಾನ್ಸಿನ ಅಧ್ಯಯನವೊಂದು ಕಂಡಿತ್ತು, ಆದರೆ ಮುಂದೆ ಬೇರೆ ಕಡೆ ಎಲ್ಲೆಡೆಯೂ ಅದೇ ಫಲ ಬರಲಿಲ್ಲ. ಜರ್ಮನಿಯಲ್ಲಿ 201 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 405 ಕ್ಯಾಲೊರಿಯಷ್ಟು ಕೊಬ್ಬನ್ನು ಹೆಚ್ಚಾಗಿ ಕೊಟ್ಟಾಗ ಒಟ್ಟಾರೆ ಆಯುಷ್ಯ ಹೆಚ್ಚಲಿಲ್ಲ. ರೋಗ ವೇಗವಾಗಿ ಬೆಳೆಯುತ್ತಿದ್ದವರಲ್ಲಿ ಮಾತ್ರ ಪ್ರಯೋಜನ ಕಂಡಿತು. ಅಮೆರಿಕದಲ್ಲಿ ನಳಿಕೆಯಿಂದ ಊಟ ಪಡೆಯುತ್ತಿದ್ದ ಸಣ್ಣ ಗುಂಪೊಂದರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಂತೂ, ಕೊಬ್ಬಿಗಿಂತ ಪಿಷ್ಟ ಹೆಚ್ಚಿದ್ದ ಆಹಾರವೇ ಹೆಚ್ಚು ಒಗ್ಗಿತ್ತು. ಆದ್ದರಿಂದ ತುಪ್ಪವನ್ನು ಔಷಧಿಯೆಂದು ತಿಳಿಯಬಾರದು, ಹೇಗಾದರೂ ಸರಿ ತೂಕ ಇಳಿಯಗೊಡಬಾರದು ಎಂಬುದು ಅವರ ನಿಲುವು. ಕೊಲೆಸ್ಟರಾಲ್ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ನಮ್ಮ ನರರೋಗ ತಜ್ಞರಿಗೆ ಪತ್ರ ಬರೆದುಕೊಟ್ಟರು. ತಮ್ಮ ಮಿತಿಯನ್ನು ಬಲ್ಲವರು ಹೀಗೆ ಮಾಡುತ್ತಾರೆ.

ಊಟದ ಪಟ್ಟಿಯ ವಿಷಯದಲ್ಲಿ ಮೊದಲು ನಿರಾಸೆಯಾಯಿತು. ಕೈಗೆ ಬಂದದ್ದು ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ, ಅದರಲ್ಲಿ ಓಟ್ಸ್, ಆಲಿವ್ ಎಣ್ಣೆ, ಬೆಣ್ಣೆಹಣ್ಣು. ಗುಳೇದಗುಡ್ಡದ ನೇಕಾರರ ಅಡುಗೆಮನೆಗೂ ಅದಕ್ಕೂ ಏನು ಸಂಬಂಧ? ಹಾಗೆಂದು ಹೇಳಿದಾಗ ಬೇಸರಿಸದೆ, ಎರಡನೆಯ ಭೇಟಿಯಲ್ಲಿ ತಾಯಿಯವರನ್ನೇ ಕೇಳಿ ಕೇಳಿ ಕನ್ನಡದಲ್ಲಿ ಹೊಸ ಪಟ್ಟಿ ಬರೆದರು. ಒಣ ರೊಟ್ಟಿಯ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತಿದ್ದುದರಿಂದ ರೊಟ್ಟಿಯ ಬದಲು ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಅದರ ಮೇಲೆ ಮೂರು ಚಮಚ ಶೇಂಗಾ ಎಣ್ಣೆ. ಶೇಂಗಾ ಚಟ್ನಿಪುಡಿಯನ್ನು ಕೆನೆಮೊಸರಿನಲ್ಲಿ ನುಣ್ಣಗೆ ರುಬ್ಬಿ ಕೊಡುವುದು. ಬೆಳಿಗ್ಗೆ ತುಪ್ಪ ಹಾಕಿದ ಸಜ್ಜಕ. ನೀರು ಮಜ್ಜಿಗೆ ನೆತ್ತಿಗೇರುತ್ತಿದ್ದುದರಿಂದ ಗಟ್ಟಿ ಅಂಬಲಿ. ತಂದೆಯವರಿಗೆ ಅಮೀನಗಡದ ಕರದಂಟೆಂದರೆ ಪ್ರಾಣ, ಆದರೆ ಅಂಟು, ಗೋಡಂಬಿ ಸೇರಿದ ಆ ಗಟ್ಟಿ ತುಂಡನ್ನು ಅವರು ಅಗಿಯುವಂತಿರಲಿಲ್ಲ. ಬಿಸಿ ಹಾಲಿನಲ್ಲಿ ರಾತ್ರಿಯೆಲ್ಲ ನೆನೆಸಿ, ಮಿಕ್ಸರಿನಲ್ಲಿ ತಿರುವಿ, ಸೋಸಿ ಕೊಡುವ ಉಪಾಯವನ್ನು ಹೇಳಿದವರೂ ಆಕೆಯೇ. ಮೊದಲ ದಿನ ಬಟ್ಟಲು ಖಾಲಿಯಾದ ಮೇಲೂ ತಂದೆಯವರು ಚಮಚವನ್ನು ತುಟಿಯಿಂದ ಬಿಡಲಿಲ್ಲ.

ಐದು ಗ್ರಾಂ ತುಪ್ಪಕ್ಕೆ ಸುಮಾರು 45 ಕ್ಯಾಲೊರಿ ಎಂಬ ಲೆಕ್ಕವನ್ನು ತಾಯಿಯವರು ಈಗ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಬರೆದಿಡುತ್ತಾರೆ. ಪ್ರತಿ ಸೋಮವಾರದ ತೂಕವೂ ಅಲ್ಲೇ ಇದೆ. ನಾಲ್ಕು ತಿಂಗಳಿನಿಂದ ಅದು 50 ಕಿಲೋದ ಆಸುಪಾಸಿನಲ್ಲಿ ನಿಂತಿದೆ. ರೋಗ ನಿಂತಿಲ್ಲ, ಎಡಗೈಯೂ ಈಗ ಸೋಲುತ್ತಿದೆ.

ಹೊಟ್ಟೆಗೆ ನಳಿಕೆ ಹಾಕಿಸುವ ಮಾತನ್ನು ಆಕೆ ಮೂರನೆಯ ಭೇಟಿಯಲ್ಲೇ ಎತ್ತಿದರು. ನಮಗೆ ಸಿಟ್ಟೂ ಬಂತು, ಭಯವೂ ಆಯಿತು. ಉಸಿರಿನ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಅದನ್ನು ಹಾಕುವುದು ಅಪಾಯಕರವೆಂದು, ಆದ್ದರಿಂದ ಈಗಲೇ ತಜ್ಞರೊಡನೆ ಮಾತಾಡಿರೆಂದು ತಿಳಿಸಿದಾಗ ಅರ್ಥವಾಯಿತು. ಇದನ್ನು ಅದುವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ಮೊದಲ ಭೇಟಿಗೆ 600 ರೂಪಾಯಿ, ಆಮೇಲಿನವುಗಳಿಗೆ 300. ದುಬಾರಿ ಪೌಷ್ಟಿಕ ಪುಡಿಗಳ ಡಬ್ಬಿಗಳು ಕಪಾಟಿನಲ್ಲಿದ್ದರೂ ಕೊಳ್ಳಿರೆಂದು ಒಮ್ಮೆಯೂ ಒತ್ತಾಯಿಸಲಿಲ್ಲ. ನನ್ನ ದೊಡ್ಡ ತಕರಾರು ಜಾಗದ ಬಗ್ಗೆ: ಕೇಂದ್ರವಿರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲು ಇಕ್ಕಟ್ಟು. ನಡೆಯಲಾಗದವರಿಗೂ ಸಲಹೆ ಕೊಡುವ ಕೇಂದ್ರ ಹೀಗಿರಬಾರದು. ಎರಡು ಸಲ ದೂರಿದ ಮೇಲೆ, ಈಗ ಶುಕ್ರವಾರ ಮಧ್ಯಾಹ್ನ ಆಕೆ ತೂಕದ ಯಂತ್ರ ಹಿಡಿದು ಕೆಳಗಿಳಿದು ಬಂದು ಕಾರಿನ ಬಳಿಯೇ ನೋಡುತ್ತಾರೆ. ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಆ ಸಮಯವನ್ನೇ ಕೇಳಬೇಕು, ಹಿಂದಿನ ಆರು ತಿಂಗಳ ತೂಕದ ಲೆಕ್ಕವನ್ನೂ ಒಂದು ದಿನ ರೋಗಿ ನಿಜವಾಗಿ ಉಂಡದ್ದರ ಪಟ್ಟಿಯನ್ನೂ ಬರೆದುಕೊಂಡು ಹೋಗಬೇಕು.