ಪಿಯುಸಿನಾ, ಡಿಪ್ಲೊಮಾನಾ? ಎರಡೂ ಕಡೆ ಓದಿದವನ ಮಾತು

ಅಕ್ಕನ ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. 71 ಪರ್ಸೆಂಟ್. ರಿಸಲ್ಟ್ ಬಂದ ಸಂಜೆಯೇ ಫೋನ್ ಮಾಡಿದ. "ಮಾಮ, ಸೈನ್ಸ್ ತಗೊಳ್ಳಲಾ, ಡಿಪ್ಲೊಮಾಗೆ ಹೋಗಲಾ?" ಹಿಂದಿನಿಂದ ಅಕ್ಕನ ದನಿಯೂ ಕೇಳಿಸಿತು. "ಡಿಪ್ಲೊಮಾ ಯಾಕೆ? ಅವನೇನು ದಡ್ಡನಾ?" ಆ ಮಾತು ಮನಸ್ಸಿಗೆ ನಾಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಎರಡೂ ಓದಿದವನು. ತಿಪಟೂರು ಕಡೆಯ ಹಳ್ಳಿಯಿಂದ ಹೋಗಿ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಮುಗಿಸಿದೆ. ಆಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ, ಅದಾದ ಮೇಲೆ ಬಿಇ.

ಮೊದಲು ವರ್ಷಗಳ ಲೆಕ್ಕ. ಪಿಯುಸಿ 2, ಬಿಇ 4. ಒಟ್ಟು 6. ಡಿಪ್ಲೊಮಾ 3. ಡಿಪ್ಲೊಮಾದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಿದರೆ ಇನ್ನು 3. ಅಲ್ಲೂ 6! ಡಿಪ್ಲೊಮಾ ಮಾಡಿದರೆ ವರ್ಷ ಹಾಳು ಅನ್ನುವವರು ಇದನ್ನು ಕೂಡಿ ನೋಡಿರುವುದಿಲ್ಲ. ನನಗೆ 7 ಆಯಿತು, ಎರಡೂ ದಾರಿ ತುಳಿದದ್ದಕ್ಕೆ. ಸೈನ್ಸ್‌ನಲ್ಲಿ ಪಿಯುಸಿ ಪಾಸಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೇ ಸೇರುವ ಅವಕಾಶ ಇದೆ. ಹಾಗಾಗಿ ಒಂದೇ ವರ್ಷ ಜಾಸ್ತಿ ಹಿಡಿಯಿತು.

ಪಿಯುಸಿ ಓಟದ ಓದು. ಬೆಳಗ್ಗೆ ಕ್ಲಾಸು, ಸಂಜೆ ಸಿಇಟಿ ಕೋಚಿಂಗು, ಭಾನುವಾರ ಟೆಸ್ಟು. ಕನ್ನಡ ಮೀಡಿಯಂನಿಂದ ಹೋದ ನನಗೆ ಮೊದಲ ಆರು ತಿಂಗಳು ಪದಗಳ ಅರ್ಥ ಹುಡುಕುವುದರಲ್ಲೇ ಕಳೆಯಿತು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ನಿಂತು ಯೋಚಿಸುವ ನನ್ನಂಥವನಿಗೆ ಅದು ಸಾಲುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ನನ್ನದು ಎರಡೂ ಕಡೆ ಸಾಧಾರಣ. ಬೇಕಾದ ಸೀಟು ಸಿಗಲಿಲ್ಲ. ಅಪ್ಪ ಕೊಬ್ಬರಿ ಮಾರಿ ಪಿಯುಸಿಯ ಎರಡು ವರ್ಷಕ್ಕೆ 1 ಲಕ್ಷ 80 ಸಾವಿರ ಕಟ್ಟಿದ್ದರು. ಪಾಲಿಟೆಕ್ನಿಕ್‌ನಲ್ಲಿ ವರ್ಷದ ಫೀಸು 4 ಸಾವಿರದ ಹತ್ತಿರ. ರಸೀದಿ ನೋಡಿ ಅಪ್ಪ, "ಇಷ್ಟೇನಾ?" ಅಂತ ಎರಡು ಸಲ ಕೇಳಿದರು.

ಡಿಪ್ಲೊಮಾದಲ್ಲಿ ನನಗೆ ಏನು ಸಿಕ್ಕಿತು ಅಂತ ಹೇಳಬೇಕಾದರೆ ಕಬ್ಬಿಣವನ್ನು ತಿರುಗಿಸುತ್ತಾ ಕಡೆಯುವ ಲೇತ್ ಮಷಿನ್‌ನಿಂದಲೇ ಶುರು ಮಾಡಬೇಕು. ಪಿಯುಸಿ ಲ್ಯಾಬಿನಲ್ಲೂ ವರ್ನಿಯರ್ ಹಿಡಿದಿದ್ದೆ. ಅಳತೆ ತೆಗೆದು ರೆಕಾರ್ಡಿನಲ್ಲಿ ಬರೆದರೆ ಮುಗಿಯಿತು. ಇಲ್ಲಿ ಕಬ್ಬಿಣದ ರಾಡನ್ನು 20 ಮಿ.ಮೀ. ವ್ಯಾಸಕ್ಕೆ ಇಳಿಸಬೇಕಿತ್ತು. ವರ್ನಿಯರ್ 20.4 ತೋರಿಸಿತು. ಇನ್ನು 0.4 ತಾನೇ ಅಂತ ಟೂಲನ್ನು 0.4 ಒಳಗೆ ಕೊಟ್ಟೆ. ಸುರುಳಿ ಸುರುಳಿಯಾಗಿ ಚೂರು ಬಂತು. ಅಳೆದರೆ 19.6! ರಾಡ್ ತಿರುಗುತ್ತಾ ಇರುತ್ತದಲ್ವಾ, ಟೂಲ್ ಎಷ್ಟು ಒಳಗೆ ಹೋಗುತ್ತದೋ ವ್ಯಾಸದಲ್ಲಿ ಅದರ ಎರಡರಷ್ಟು ಕಡಿಮೆ ಆಗುತ್ತದೆ. ನಾನು 0.2 ಕೊಡಬೇಕಿತ್ತು. ಇನ್‌ಸ್ಟ್ರಕ್ಟರ್ ಬೈಯಲಿಲ್ಲ. "ತೆಗೆದದ್ದು ಮತ್ತೆ ಅಂಟಲ್ಲ ಕಣಪ್ಪಾ, ಇನ್ನೊಂದು ರಾಡ್ ತಗೋ" ಅಂದರು. ವ್ಯಾಸ ತ್ರಿಜ್ಯದ ಎರಡರಷ್ಟು ಅಂತ ಹೈಸ್ಕೂಲಿನಿಂದ ಬರೆಯುತ್ತಾ ಬಂದಿದ್ದೆ. ಅದು ಕೈಗೆ ಗೊತ್ತಾಗಿದ್ದು ಆ ಮಧ್ಯಾಹ್ನ.

ಹಾಗಂತ ಡಿಪ್ಲೊಮಾದಲ್ಲಿ ಎಲ್ಲ ಸಲೀಸು ಅಂತ ಹೇಳಲಾರೆ. ಗಣಿತ ಅಲ್ಲಿ ಕಡಿಮೆ. ಬಿಇ ಎರಡನೇ ವರ್ಷಕ್ಕೆ ಬಂದಾಗ ಅದು ಕಾಡುತ್ತದೆ. ನಮ್ಮ ಬಿಇ ವಿಶ್ವವಿದ್ಯಾಲಯ ವಿಟಿಯುನಲ್ಲಿ ನಮ್ಮಂತೆ ಡಿಪ್ಲೊಮಾದಿಂದ ಬಂದವರಿಗೆ ಗಣಿತದ ಹೆಚ್ಚುವರಿ ಪೇಪರ್ ಇಟ್ಟಿದ್ದರು. ನಾನು ಪಿಯುಸಿಯಲ್ಲಿ ಕಲಿತ ಇಂಟಿಗ್ರೇಷನ್ ನೆಚ್ಚಿಕೊಂಡು ದಾಟಿದೆ. ನೇರ ಡಿಪ್ಲೊಮಾ ಮಾಡಿ ಬಂದ ನನ್ನ ರೂಮ್‌ಮೇಟ್ ರಾತ್ರಿಯೆಲ್ಲ ಕೂತು ಕಲಿತ. ಪಿಯುಸಿಯ ಆ ಎರಡು ವರ್ಷಕ್ಕೆ ನಾನು ಋಣಿ. ಸುಮ್ನೆ ಹೋದವು ಅಂತ ಒಂದು ದಿನವೂ ಅನಿಸಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಪಿಯುಸಿ ಸೈನ್ಸ್ ಮಾಡಿದವನು ಮನಸ್ಸು ಬದಲಾದರೆ ಬಿಎಸ್ಸಿಗೆ ಹೋಗಬಹುದು, ಲಾ ಓದಬಹುದು. ಬಯಾಲಜಿ ತಗೊಂಡಿದ್ದರೆ ನೀಟ್ ಬರೆಯಬಹುದು, ಅಗ್ರಿಗೆ ಸೇರಬಹುದು. ಡಿಪ್ಲೊಮಾಗೆ ಸೇರುವ ಹುಡುಗ ಹದಿನಾರಕ್ಕೇ ಸಿವಿಲ್ಲೋ ಮೆಕ್ಯಾನಿಕಲ್ಲೋ ಅಂತ ಬ್ರಾಂಚ್ ಆರಿಸಬೇಕು. ಡಾಕ್ಟರ್ ಆಗುವ ಆಸೆ ಎಳ್ಳಷ್ಟಿದ್ದರೂ ಡಿಪ್ಲೊಮಾ ಬೇಡ. ಆದರೆ ಡಿಪ್ಲೊಮಾ ಮುಗಿದಾಗ ಕೈಯಲ್ಲಿ ಒಂದು ಕೆಲಸಕ್ಕಾಗುವ ಸರ್ಟಿಫಿಕೇಟ್ ಇರುತ್ತದೆ. ರೈಲ್ವೆ ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು. ಇಸ್ರೋ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಫಸ್ಟ್ ಕ್ಲಾಸ್ ಡಿಪ್ಲೊಮಾ ಕೇಳುತ್ತಾರೆ. ಮನೆಯಲ್ಲಿ ಕಷ್ಟ ಬಂದು ಓದು ನಿಂತರೂ ಬರಿಗೈ ಆಗುವುದಿಲ್ಲ. ಬರೀ ಪಿಯುಸಿಗೆ ಆ ಬಲ ಇಲ್ಲ.

ನನ್ನನ್ನು ಕೇಳಿದರೆ, ಎಂಜಿನಿಯರಿಂಗೇ ಅಂತ ಗಟ್ಟಿ ಇರುವವನು, ಕೈಕೆಲಸ ಇಷ್ಟ ಪಡುವವನು ಡಿಪ್ಲೊಮಾಗೆ ಹೋಗಲಿ. ಜೊತೆಗೆ ಪಿಯುಸಿ ಗಣಿತದ ಪುಸ್ತಕ ಇಟ್ಟುಕೊಂಡು ದಿನಾ ಒಂದಿಷ್ಟು ಲೆಕ್ಕ ಮಾಡಲಿ. ಇನ್ನೂ ಏನೂ ತಿಳಿಯದವನು ಪಿಯುಸಿಗೆ ಹೋಗಲಿ, ಮನೆ ಹತ್ತಿರದ ಸರ್ಕಾರಿ ಕಾಲೇಜಾದರೂ ಸರಿ.

ಅಕ್ಕನ ಮಗ ಮನೆಯ ಮಿಕ್ಸಿ, ಪಂಪ್‌ಸೆಟ್ ಎಲ್ಲ ಬಿಚ್ಚಿ ಜೋಡಿಸುವವನು. ಆದರೂ ನಾನು ಇನ್ನೂ ಏನೂ ಹೇಳಿಲ್ಲ. ಶನಿವಾರ ಅವನನ್ನೂ ಅಕ್ಕನನ್ನೂ ನಾನು ಓದಿದ ಪಾಲಿಟೆಕ್ನಿಕ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಕ್ಕ ಒಮ್ಮೆ ಆ ವರ್ಕ್‌ಶಾಪ್ ನೋಡಬೇಕು.