ಕಥೆಪುಸ್ತಕ, ಕತ್ತರಿ, ಅಂಟು: ಮಕ್ಕಳ ಚಂದಾ ಪೆಟ್ಟಿಗೆಯೊಂದಿಗೆ ಮೂರು ವರ್ಷ

ಮಗಳಿಗೆ ನಾಲ್ಕು ತುಂಬಿದ ತಿಂಗಳಿನಿಂದ ನಮ್ಮ ಮನೆಗೆ ತಿಂಗಳಿಗೊಂದು ರಟ್ಟಿನ ಪೆಟ್ಟಿಗೆ ಬರುತ್ತಿದೆ. ಅದರೊಳಗೆ ಒಂದು ಚಿತ್ರಪುಸ್ತಕ, ಆ ಪುಸ್ತಕಕ್ಕೆ ಹೊಂದುವ ಕೈಕೆಲಸದ ಸಾಮಾನು, ಮಾಡುವ ಬಗೆ ತಿಳಿಸುವ ಹಾಳೆ, ಓದುವಾಗ ಮಕ್ಕಳನ್ನು ಕೇಳಬಹುದಾದ ಪ್ರಶ್ನೆಗಳ ಕಾರ್ಡು ಇರುತ್ತವೆ. ಈಗ ಅವಳಿಗೆ ಏಳು, ತಮ್ಮನಿಗೆ ನಾಲ್ಕೂವರೆ. ಇದುವರೆಗೆ ಮೂವತ್ತಾರು ಪೆಟ್ಟಿಗೆ ಬಂದಿವೆ.

ಬೇರೆಯವರ ವಿಮರ್ಶೆಗಳನ್ನು ಓದಿಯೇ ನಾನು ಚಂದಾ ಕಟ್ಟಿದ್ದು. ಎಲ್ಲದರಲ್ಲೂ ಪೆಟ್ಟಿಗೆ ಬಿಚ್ಚಿದ ದಿನದ ಸಂಭ್ರಮವಿತ್ತು. ಆರು ತಿಂಗಳಾದ ಮೇಲೆ ಆ ಪುಸ್ತಕ ಎಲ್ಲಿದೆ, ಆ ಬೊಂಬೆ ಏನಾಯಿತು ಎಂದು ಮಾತ್ರ ಯಾರೂ ಬರೆದಿರಲಿಲ್ಲ. ನನಗೆ ತಿಳಿಯಬೇಕಾಗಿದ್ದದ್ದು ಅದೇ, ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಇಂಥ ಪೆಟ್ಟಿಗೆ ಕಳುಹಿಸುವವರು ಹಲವರಿದ್ದಾರೆ. ನಾನು ಹೇಳುವುದನ್ನು ನೀವು ಯಾವುದಕ್ಕಾದರೂ ಹಚ್ಚಿ ನೋಡಬಹುದು.

ಕಳೆದ ವಾರ ಮಕ್ಕಳ ಕಪಾಟನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸಿದೆ. ಮೂವತ್ತಾರು ಪುಸ್ತಕಗಳಲ್ಲಿ ಮೂವತ್ತೊಂದು ಉಳಿದಿವೆ. ಅವುಗಳಲ್ಲಿ ಹದಿನೈದನ್ನಾದರೂ ಇಂದಿಗೂ ಓದುತ್ತೇವೆ. ಕೈಕೆಲಸಗಳಲ್ಲಿ ಉಳಿದಿರುವುದು ಒಂಬತ್ತು. ಆ ಒಂಬತ್ತನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಒಂದು ಸಂಗತಿ ಎದ್ದು ಕಂಡಿತು. ಎಲ್ಲವೂ ಕಥೆಯ ಒಳಗಿನಿಂದ ಹುಟ್ಟಿದವು. ಕಥೆಯಲ್ಲಿ ಯಾರೋ ಮಾಡಿದ್ದನ್ನು ಮಕ್ಕಳೂ ಮಾಡಿದ್ದರು, ಇಲ್ಲವೇ ಆ ಕಥೆಯನ್ನು ತಾವೇ ಮತ್ತೆ ಆಡಲು ಬೇಕಾದದ್ದನ್ನು ಮಾಡಿಕೊಂಡಿದ್ದರು. ಕಸಕ್ಕೆ ಹೋದ ಇಪ್ಪತ್ತೇಳರಲ್ಲಿ ಹೆಚ್ಚಿನವು ಕಥೆಗೆ ಹೊರಗಿನಿಂದ ಅಂಟಿಸಿದವು.

ಉಳಿದವುಗಳಲ್ಲಿ ಮೊದಲ ಸ್ಥಾನ ನೆರಳು ಬೊಂಬೆಗಳಿಗೆ. ಅದು ಐದನೆಯ ಪೆಟ್ಟಿಗೆ. ಕತ್ತಲೆಗೆ ಹೆದರುವ ಹುಡುಗಿಯೊಬ್ಬಳು ಗೋಡೆಯ ಮೇಲಿನ ನೆರಳುಗಳ ಜೊತೆ ಗೆಳೆತನ ಬೆಳೆಸುವ ಕಥೆ. ಜೊತೆಗೆ ಬಂದದ್ದು ನಾಲ್ಕು ಕಪ್ಪು ರಟ್ಟಿನ ಹಾಳೆ, ಒಂದು ಹಿಡಿ ತೆಳು ಕಡ್ಡಿ, ಬಿಳಿ ಪೆನ್ಸಿಲು. ಆಕಾರಗಳನ್ನು ಕತ್ತರಿಸಿ ಕೊಟ್ಟಿರಲಿಲ್ಲ. ಬೇಕಾದದ್ದನ್ನು ತಾವೇ ಬರೆದುಕೊಳ್ಳಬೇಕಿತ್ತು. ಮಗಳು ಬರೆದ ನಾಯಿಗೆ ಐದು ಕಾಲು. ಐದನೆಯದು ಬಾಲವಿರಬೇಕು ಎಂದುಕೊಂಡೆ. ಅಲ್ಲವಂತೆ, ಜೋರಾಗಿ ಓಡಬೇಕಾದಾಗ ಬೇಕಾಗುವ ಕಾಲಂತೆ. ಆ ನಾಯಿ ಮೂರು ಸಲ ಕಡ್ಡಿ ಬದಲಾಯಿಸಿಕೊಂಡು ಇಂದಿಗೂ ಓಡುತ್ತಿದೆ.

ಮೊದಲ ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆಡಿಸಲು ಹೋಗಿ ಗೋಡೆಯ ಮೇಲೆ ಮಸುಕು ಮಸುಕಾದ ಕಲೆಯಷ್ಟೇ ಬಿತ್ತು. ಬೆಳಕಿನ ಮೂಲ ಉದ್ದವಾಗಿದ್ದರೆ ನೆರಳಿನ ಅಂಚು ಚೆದುರುತ್ತದೆ, ಚಿಕ್ಕದಾಗಿದ್ದಷ್ಟೂ ಅಂಚು ಚೂಪಾಗುತ್ತದೆ. ಇದನ್ನು ಹಾಳೆಯಲ್ಲಿ ಒಂದು ಸಾಲಾದರೂ ಹೇಳಬೇಕಿತ್ತು. ದೀಪ ಆರಿಸಿ ಸಣ್ಣ ಟಾರ್ಚು ಹಚ್ಚಿದಾಗ ನಾಯಿಯ ಐದೂ ಕಾಲು ಗೆರೆ ಎಳೆದಂತೆ ಮೂಡಿದವು. ಮಗ ಎರಡೂವರೆ ವರ್ಷದವನಾಗಿದ್ದಾಗ ಒಂದು ದಿನ ಬೊಂಬೆಯನ್ನು ಟಾರ್ಚಿನ ಮೂತಿಯ ಬಳಿಗೇ ಹಿಡಿದ. ಗೋಡೆ ತುಂಬ ನಾಯಿಯೇ ಆಯಿತು. ಕಿರುಚಿ ಓಡಿಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು ಹೋಗಿ, ಬೊಂಬೆಯನ್ನು ಗೋಡೆಯ ಹತ್ತಿರಕ್ಕೆ ಒಯ್ದು, ನಾಯಿಯನ್ನು ಅಂಗೈಯಷ್ಟು ಮಾಡಿ, ನನ್ನ ಕಡೆ ತಿರುಗಿ ನೋಡಿದ. ಕಥೆಯ ಹುಡುಗಿಯೂ ಕೊನೆಯ ಪುಟದಲ್ಲಿ ಮಾಡುವುದು ಅದನ್ನೇ. ಅವನಿಗೆ ಆ ಪುಟವನ್ನು ನಾವು ಯಾರೂ ವಿವರಿಸಿರಲಿಲ್ಲ.

ಇದರ ಎದುರಿಗೆ ಏಳನೆಯ ಪೆಟ್ಟಿಗೆಯನ್ನು ಇಡುತ್ತೇನೆ. ಕಡಲಿನ ಕಥೆ, ಪುಸ್ತಕ ಬಹಳ ಚೆನ್ನಾಗಿತ್ತು. ಕೈಕೆಲಸವೆಂದು ಬಂದದ್ದು ಮೊದಲೇ ಕತ್ತರಿಸಿದ ಫೋಮಿನ ಮೀನುಗಳು, ಹಿಂಭಾಗದಲ್ಲಿ ಅಂಟು. ಸುಲಿದು ಅಂಟಿಸಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಮುಗಿಯಿತು ಕೂಡ. "ಇನ್ನೇನು ಮಾಡುವುದು?" ಎಂದು ಮಗಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಏಕೆಂದರೆ ಮಾಡಲು ನಿಜವಾಗಿಯೂ ಏನೂ ಉಳಿದಿರಲಿಲ್ಲ. ಎರಡನೆಯ ವರ್ಷದಲ್ಲಿ ಇಂಥವು ಹೆಚ್ಚಾದವು. ಮಾಡಿದ್ದು ಹಾಳೆಯ ಚಿತ್ರದಂತೆಯೇ ಕಾಣಬೇಕೆಂಬ ಹಂಬಲದಿಂದ ಹೀಗೆ ಸಿದ್ಧ ತುಂಡುಗಳನ್ನು ಕೊಡುತ್ತಾರೆ. ಮಗುವಿನ ಕೈಗೆ ಬೇಕಾದ ಕೆಲಸವನ್ನು ಯಂತ್ರ ಮಾಡಿ ಮುಗಿಸಿರುತ್ತದೆ. ಇದು ಈ ಸೇವೆಯ ಬಗ್ಗೆ ನನಗಿರುವ ಅತಿ ದೊಡ್ಡ ಆಕ್ಷೇಪ.

ಎರಡನೆಯ ಆಕ್ಷೇಪ ಕತ್ತರಿಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗಳು ಎಡಗೈಯವಳು. ಮೊದಲ ಪೆಟ್ಟಿಗೆಯಲ್ಲಿ ಬಂದ ಮೊಂಡುಮೂತಿಯ ಕತ್ತರಿಯಿಂದ ಅವಳು ಕತ್ತರಿಸಲು ಕುಳಿತರೆ ಕತ್ತು ಬಲಕ್ಕೆ ವಾಲುತ್ತಿತ್ತು, ಮೊಣಕೈ ಮೇಲೇಳುತ್ತಿತ್ತು, ಕಾಗದ ತುಂಡಾಗದೆ ಎರಡು ಅಲಗುಗಳ ನಡುವೆ ಮಡಚಿಕೊಳ್ಳುತ್ತಿತ್ತು. ಇನ್ನೂ ಚಿಕ್ಕವಳು, ಕೈ ಕೂರಬೇಕು ಎಂದುಕೊಂಡು ನಾನು ನಾಲ್ಕು ತಿಂಗಳು ಕಳೆದೆ. ಅವಳ ಕೈಯಲ್ಲಿ ತಪ್ಪೇ ಇರಲಿಲ್ಲ. ಸಾಮಾನ್ಯ ಕತ್ತರಿಯಲ್ಲಿ ಮೇಲಿನ ಅಲಗು ಬಲಗಡೆ ಇರುತ್ತದೆ. ಬಲಗೈಯಲ್ಲಿ ಹಿಡಿದಾಗ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳುಗಳ ಒತ್ತಡ ಅಲಗುಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಅದನ್ನೇ ಎಡಗೈಯಲ್ಲಿ ಹಿಡಿದರೆ ಅಲಗು ಗೆರೆಯನ್ನು ಮರೆಮಾಡುತ್ತದೆ, ಒತ್ತಡ ಅಲಗುಗಳನ್ನು ಬೇರ್ಪಡಿಸುತ್ತದೆ. ಹಿಡಿ ಎರಡೂ ಕೈಗೆ ಹೊಂದುತ್ತದೆ ಎಂದು ಬರೆದ ಮಾತ್ರಕ್ಕೆ ಅದು ಎಡಗೈ ಕತ್ತರಿಯಾಗುವುದಿಲ್ಲ, ಅಲಗುಗಳೇ ಅದಲುಬದಲಾಗಿರಬೇಕು. ಎಡಗೈ ಕತ್ತರಿಯನ್ನು ನಾವೇ ಕೊಂಡು ತಂದು ಕೊಟ್ಟ ದಿನ ಅವಳು ಒಂದು ಸುರುಳಿಯನ್ನು ಹೊರಗಿನಿಂದ ನಡುವಿನವರೆಗೆ ಎಲ್ಲೂ ನಿಲ್ಲದೆ ಕತ್ತರಿಸಿದಳು. ಕತ್ತು ನೇರವಾಗಿತ್ತು. ಆ ನಾಲ್ಕು ತಿಂಗಳು ನೆನೆದರೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಚಂದಾ ಕಟ್ಟುವಾಗ ಮಗುವಿನ ವಯಸ್ಸು ಕೇಳುವವರು ಯಾವ ಕೈ ಎಂದೂ ಕೇಳಬೇಕು. ಎರಡು ಸಲ ಬರೆದು ತಿಳಿಸಿದೆ. ವಿನಯದ ಉತ್ತರ ಬಂತು, ಕತ್ತರಿ ಮಾತ್ರ ಬದಲಾಗಲಿಲ್ಲ.

ಸಣ್ಣ ಮಕ್ಕಳು ಇರುವವರಿಗೆ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ನಾಲ್ಕು ವರ್ಷ ಮೇಲ್ಪಟ್ಟವರಿಗೆ ಎಂದಿದ್ದರೂ ಅದು ಬರುವುದು ತಮ್ಮ ತಂಗಿಯರೂ ಇರುವ ಮನೆಗೆ. ಆಟಿಕೆಗಳ ಪರೀಕ್ಷೆಯಲ್ಲಿ ಬಳಸುವ ಸುಮಾರು 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಅಪಾಯ. ನಮಗೆ ಬಂದ ಮಣಿಗಳು, ಅಲುಗಾಡುವ ಪ್ಲಾಸ್ಟಿಕ್ ಕಣ್ಣುಗಳು ಎಲ್ಲವೂ ಅದರೊಳಗೆ ಸಲೀಸಾಗಿ ಇಳಿಯುವಂಥವು. ಮಗನಿಗೆ ಮೂರು ತುಂಬುವವರೆಗೆ ಪ್ರತಿ ಪೆಟ್ಟಿಗೆಯನ್ನೂ ಅವನು ಮಲಗಿದ ಮೇಲೆಯೇ ಬಿಚ್ಚುತ್ತಿದ್ದೆ. ಹೊಳೆಯುವ ಗ್ಲಿಟರ್ ಪುಡಿ ಬಂದ ಎರಡು ಪೊಟ್ಟಣಗಳನ್ನು ತೆರೆಯಲೇ ಇಲ್ಲ. ಅದು ಬಹುಪಾಲು ಪ್ಲಾಸ್ಟಿಕ್ ಚೂರು, ತೊಳೆದ ನೀರಿನೊಂದಿಗೆ ಎಲ್ಲೆಲ್ಲಿಗೋ ಹೋಗುತ್ತದೆ.

ಇನ್ನು ಪುಸ್ತಕಗಳು. ಇಲ್ಲಿ ಮನಸಾರೆ ಹೊಗಳುತ್ತೇನೆ. ಆಯ್ಕೆ ಮಾಡುವವರಿಗೆ ಮಕ್ಕಳ ಮೇಲೆ ಗೌರವವಿದೆ. ನೀತಿ ಹೇಳಲೆಂದೇ ಹೊಸೆದ ಕಥೆಗಳು ಎರಡೋ ಮೂರೋ ಇದ್ದವು, ಅಷ್ಟೆ. ಚಿತ್ರಗಳು ಮಾತು ಹೇಳದೆ ಬಿಟ್ಟದ್ದನ್ನು ಹೇಳುತ್ತವೆ. ಓದಲು ಬಾರದ ಮಗ ಪುಟದ ಮೂಲೆಯಲ್ಲಿದ್ದ ಇರುವೆಯ ಸಾಲನ್ನು ಹಿಡಿದು ಇಡೀ ಪುಸ್ತಕದಲ್ಲಿ ಬೇರೆಯದೇ ಕಥೆ ಹೇಳುತ್ತಾನೆ.

ಕಟ್ಟು ಮಾತ್ರ ಒಂದೊಂದರದು ಒಂದೊಂದು ಥರ. ದಪ್ಪ ರಟ್ಟಿನ ಪುಟಗಳವು ಕಚ್ಚಿದರೂ ಎಳೆದರೂ ಜಗ್ಗಲಿಲ್ಲ. ಬೆನ್ನಿಗೆ ಬರೀ ಅಂಟು ಹಾಕಿದವು ವರ್ಷದೊಳಗೆ ಹಾಳೆ ಉದುರಿಸಿದವು. ಹೋದ ಐದು ಪುಸ್ತಕಗಳೂ ಈ ಜಾತಿಯವು. ನಡುವೆ ಪಿನ್ನು ಹೊಡೆದವು ಪಿನ್ನಿನ ಬಳಿ ಹರಿದವು, ಆದರೆ ಅವನ್ನು ಉಳಿಸಿಕೊಳ್ಳಬಹುದು. ನಮ್ಮಲ್ಲಿ ಉಳಿಸಿದವರು ಅತ್ತೆಯವರು. ಅವರಿಗೆ ಹೊಲಿಗೆ ಚೆನ್ನಾಗಿ ಗೊತ್ತು. ಕಡಲಿನ ಕಥೆಯ ಪಿನ್ನು ಕಿತ್ತುಬಂದ ದಿನ ಮಗಳು ಅಳುತ್ತಾ ಅದನ್ನು ಅಜ್ಜಿಯ ಬಳಿಗೆ ಒಯ್ದಳು. ಅವರು ನಡುಮಡಿಕೆಯಲ್ಲಿ ಮೂರು ತೂತು ಮಾಡಿದರು. ದಪ್ಪ ದಾರವನ್ನು ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ತೆಗೆದು, ಮೇಲಿನ ತೂತಿನಲ್ಲಿ ಒಳಗೆ ತಂದು, ನಡುವಿನದನ್ನು ದಾಟಿಸಿ ಕೆಳಗಿನ ತೂತಿನಲ್ಲಿ ಮತ್ತೆ ಹೊರಗೆ ಎಳೆದು, ಕೊನೆಗೆ ನಡುವಿನಲ್ಲೇ ಒಳಗೆ ತಂದರು. ಉದ್ದದ ದಾರದ ಆಚೆಗೊಂದು ಈಚೆಗೊಂದು ತುದಿಯಿಟ್ಟು ಗಂಟು ಹಾಕಿದರು. "ಇಷ್ಟೇನಾ ಅಜ್ಜಿ?" ಎಂದಳು ಮಗಳು. "ಇಷ್ಟೇ ಪುಟ್ಟಿ. ಈಗ ನೀನು ಹಾಕು" ಎಂದು ಸೂಜಿ ಅವಳ ಕೈಗೆ ಕೊಟ್ಟರು. ಎರಡು ವರ್ಷವಾಯಿತು, ಆ ಹೊಲಿಗೆ ಹಾಗೆಯೇ ಇದೆ.

ಅಂದಿನಿಂದ ಮನೆಯಲ್ಲಿ ಪುಸ್ತಕ ಕಟ್ಟುವ ಕೆಲಸ ನಿಂತಿಲ್ಲ. ಮಗಳು ಎ4 ಹಾಳೆಯನ್ನು ಎಂಟು ಸಮಭಾಗವಾಗಿ ಮಡಿಸುತ್ತಾಳೆ, ನಟ್ಟನಡುವೆ ಎರಡು ಭಾಗದ ಉದ್ದಕ್ಕೆ ಸೀಳುತ್ತಾಳೆ, ಆ ಸೀಳನ್ನು ಬಾಯಿಯಂತೆ ಅಗಲಿಸಿ ಒಟ್ಟುಗೂಡಿಸುತ್ತಾಳೆ. ಅಂಟಿಲ್ಲದೆ, ದಾರವಿಲ್ಲದೆ ಎಂಟು ಪುಟದ ಪುಸ್ತಕ ಸಿದ್ಧ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದವಾದರೆ ಇಡೀ ಪುಸ್ತಕದ ತೂಕ ಐದೇ ಗ್ರಾಂ. ಮಡಿಸುವಾಗ ಕಾಗದದ ನಾರಿನ ದಿಕ್ಕು ನೋಡಬೇಕೆಂಬುದನ್ನು ಹನ್ನೊಂದನೆಯ ಪೆಟ್ಟಿಗೆಯ ಹಾಳೆ ಕಲಿಸಿತು. ಬೇಡದ ಹಾಳೆಯೊಂದನ್ನು ಹರಿದು ನೋಡಿ: ಒಂದು ಕಡೆಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ಸೊಟ್ಟಗೆ. ನೇರವಾಗಿ ಹರಿದ ದಿಕ್ಕಿನಲ್ಲೇ ರಟ್ಟನ್ನು ಮಡಿಸಿದರೆ ಮಡಿಕೆ ಬಿರುಕು ಬಿಡುವುದಿಲ್ಲ. ಶುಭಾಶಯ ಪತ್ರಗಳು ಸೆಟೆದು ನಿಲ್ಲದೆ ಏಕೆ ಸೊರಗುತ್ತಿದ್ದವೆಂದು ನನಗೆ ಆಗ ಅರ್ಥವಾಯಿತು. ಇಂಥ ಒಂದು ತಿಳಿವಳಿಕೆ ಹತ್ತು ಫೋಮಿನ ಮೀನಿಗಿಂತ ಬೆಲೆಯುಳ್ಳದ್ದು.

ಪ್ರಶ್ನೆಗಳ ಕಾರ್ಡಿನ ಹಿಂದೆ ಒಳ್ಳೆಯ ಆಲೋಚನೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದುವಾಗ ಮುಕ್ತ ಪ್ರಶ್ನೆ ಕೇಳಿ ಮಗುವಿನ ಮಾತನ್ನು ಬೆಳೆಸಿದ ಮನೆಗಳಲ್ಲಿ ಮಕ್ಕಳ ಭಾಷೆ ಒಂದೇ ತಿಂಗಳಲ್ಲಿ ಮುಂದಾದದ್ದು ಕಂಡಿತ್ತು. ಆದರೆ ಕಾರ್ಡಿನಲ್ಲಿರುವುದು ಹನ್ನೆರಡು ಪ್ರಶ್ನೆ. ಎಲ್ಲವನ್ನೂ ಕೇಳಲು ಹೊರಟ ದಿನ ಮಗಳು ಪುಟದ ಮೇಲೆ ಕೈಯಿಟ್ಟು, "ಮೊದಲು ಕಥೆ ಮುಗಿಸಮ್ಮಾ" ಎಂದಳು. ಅಂದಿನಿಂದ ಒಂದು ಓದಿಗೆ ಒಂದೇ ಪ್ರಶ್ನೆ. ಹೆಚ್ಚಾಗಿ ಅದನ್ನು ಕೇಳುವವರು ಮಕ್ಕಳೇ.

ರಜೆಯ ವಿಶೇಷ ಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಮೊದಲ ವರ್ಷದ್ದು ಮೂವತ್ತು ದಿನಕ್ಕೆ ಮೂವತ್ತು ಚಟುವಟಿಕೆ, ಗೋಡೆಗೆ ಹಾಕಲು ಒಂದು ಪಟ್ಟಿ. ಆರನೆಯ ದಿನಕ್ಕೆ ಮಕ್ಕಳು ಪಟ್ಟಿ ನೋಡಿದರೆ ಮುಖ ತಿರುಗಿಸುತ್ತಿದ್ದರು. ನಿನ್ನೆಯ ಮುಖವಾಡದ ಬಣ್ಣ ಆರುವ ಮೊದಲೇ ಇಂದಿನ ಗಾಳಿಗಿರಣಿ ಬಂದು ಕುಳಿತರೆ ಆಡುವುದು ಯಾವಾಗ? ಮರುವರ್ಷ ನಾವು ಪಟ್ಟಿಯನ್ನು ಮಡಿಸಿಟ್ಟು, ಒಂದೇ ಪುಸ್ತಕವನ್ನು ಆರಿಸಿಕೊಂಡು, ಇಡೀ ರಜೆ ಅದರಲ್ಲೇ ವಾಸ ಮಾಡಿದೆವು. ಪೆಟ್ಟಿಗೆಗಳ ಹಳೆಯ ರಟ್ಟಿನಿಂದಲೇ ಕಥೆಯ ಊರು ಎದ್ದಿತು. ಮೊದಲ ವಾರ ಮನೆಗಳು, ಎರಡನೆಯ ವಾರ ಸೇತುವೆ. ಸೇತುವೆ ಕುಸಿದಾಗ ನನ್ನ ಗಂಡ ಹಾಳೆಯನ್ನು ಬೀಸಣಿಗೆಯಂತೆ ಮಡಿಸಿ ಹೊದಿಸಿದರು. ಮಡಿಕೆ ಹಾಕಿದ ಅದೇ ಹಾಳೆ ಆಟದ ಕಾರನ್ನು ಹೊತ್ತು ನಿಂತಿತು. ಆಮೇಲೆ ಮಕ್ಕಳು ಸಿಕ್ಕಿದ್ದಕ್ಕೆಲ್ಲ ಮಡಿಕೆ ಹಾಕತೊಡಗಿದರು.

ಏಪ್ರಿಲ್ 2ರ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನಕ್ಕೆ ಬಂದ ಪೆಟ್ಟಿಗೆ ನನ್ನ ಅಚ್ಚುಮೆಚ್ಚಿನದು. 1967ರಿಂದ ಆಚರಣೆಯಲ್ಲಿರುವ ಈ ದಿನ ಡೆನ್ಮಾರ್ಕಿನ ಮಕ್ಕಳ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನರ ಹುಟ್ಟುದಿನ. ಅವರು ಕಥೆ ಹೇಳುತ್ತಲೇ ಮಡಿಸಿದ ಕಾಗದವನ್ನು ಕತ್ತರಿಸುತ್ತಿದ್ದರು, ಕಥೆ ಮುಗಿದ ಮೇಲೆ ಬಿಡಿಸಿ ತೋರಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಇದ್ದದ್ದು ಈ ಸಂಗತಿಯ ಒಂದು ಹಾಳೆ ಮತ್ತು ತೆಳು ಬಣ್ಣದ ಕಾಗದದ ಕಟ್ಟು, ಅಷ್ಟೆ. ಅಷ್ಟು ಕಡಿಮೆ ಸಾಮಾನಿನ ಪೆಟ್ಟಿಗೆ ಇನ್ನೊಂದು ಬಂದಿಲ್ಲ, ಅಷ್ಟು ದಿನ ನಡೆದದ್ದೂ ಇನ್ನೊಂದಿಲ್ಲ. ಈಗ ರಾತ್ರಿ ಕಥೆ ಹೇಳುವ ಸರದಿ ಮಗಳದಾದರೆ ಅವಳು ಮೊದಲು ತನ್ನ ಕತ್ತರಿ ಹುಡುಕುತ್ತಾಳೆ. ಕಥೆಯ ಕೊನೆಗೆ ಮಡಿಕೆ ಬಿಚ್ಚುವಾಗ ತಮ್ಮ ಉಸಿರು ಬಿಗಿಹಿಡಿದಿರುತ್ತಾನೆ.

ಚಂದಾ ನವೀಕರಿಸುವ ಸಮಯ ಬಂದಿದೆ. ತಿಂಗಳ ಚಂದಾ ಬಿಟ್ಟು ಮೂರು ತಿಂಗಳಿಗೊಮ್ಮೆ ಬರುವುದನ್ನು ಆರಿಸಿಕೊಂಡಿದ್ದೇನೆ; ಒಂದು ಪುಸ್ತಕ ಮನೆಯವರಂತಾಗಲು ನಮ್ಮಲ್ಲಿ ಅಷ್ಟು ಸಮಯ ಬೇಕು. ನೀವು ಹೊಸದಾಗಿ ಸೇರುವುದಾದರೆ ಹಳೆಯ ಪೆಟ್ಟಿಗೆಗಳ ಪಟ್ಟಿ ಕೇಳಿ ಪಡೆಯಿರಿ. ಖಾಲಿ ಕಾಗದ, ರಟ್ಟು, ದಾರ ಕೊಟ್ಟಿರುವ ತಿಂಗಳುಗಳನ್ನು ಆರಿಸಿ, ಫೋಮು ಮತ್ತು ಸ್ಟಿಕ್ಕರಿನವನ್ನು ಬಿಡಿ. ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ, ಆ ನಾಲ್ಕೂ ಪುಸ್ತಕಗಳಿಗೆ ಸೇರಬೇಕಾದವು. ನವೀಕರಣದ ಅರ್ಜಿಯ ಕೊನೆಯಲ್ಲಿ ವಿಶೇಷ ಸೂಚನೆಗೆಂದು ಎರಡು ಸಾಲಿನ ಜಾಗವಿತ್ತು. "ಮಗಳು ಎಡಗೈಯವಳು" ಎಂದು ಮೂರನೆಯ ಸಲ ಬರೆದು ಕಳುಹಿಸಿದ್ದೇನೆ.